ಒಂದೇ ಗಡಿಗೆಯ ಕಡಲಪಾಚಿ

ಕರಾವಳಿಯ ತೇವಕ್ಕೆ ಬೂಸು ಹಿಡಿಯುತ್ತದೆಂದು ಪರೀಕ್ಷೆಗೆಂದು ಕಿತ್ತ ಕಡಲಪಾಚಿಯನ್ನು ಒಣಹವೆಯ ಅಫಜಲಪುರದ ನಮ್ಮ ಮಾಳಿಗೆಗೆ ತಂದಿದ್ದೆ. ಮೂರು ಮೀನುಗಾರ ಹಳ್ಳಿಗಳ ಪಾಚಿಯನ್ನು ಮೂರು ಬಟ್ಟೆಗಳ ಮೇಲೆ ಬೇರೆಬೇರೆಯಾಗಿ ಒಣಹಾಕಿದ್ದೆ. ನೀರಿನಲ್ಲಿರುವ ವಿಕಿರಣವನ್ನು ಪಾಚಿ ಹೀರಿಟ್ಟುಕೊಳ್ಳುತ್ತದೆ. ಯಾವ ಹಳ್ಳಿಯ ಪಾಚಿಯಲ್ಲಿ ಅದು ಹೆಚ್ಚೋ, ಅದರ ಹತ್ತಿರವೇ ವಿಷ ಕಡಲಿಗೆ ಸೇರುತ್ತಿದೆ ಎಂದರ್ಥ.

ಬಜಾರಿನಿಂದ ಬಂದು ನೋಡಿದರೆ ಮಾಳಿಗೆ ಖಾಲಿ. ಅಮ್ಮಿ ಅಷ್ಟನ್ನೂ ಒಣಗಿದ ಕಡಲೆ ಸೊಪ್ಪಿನ ಪಲ್ಲೆಯ ಹಾಗೆ ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಒಂದೇ ಗಡಿಗೆಗೆ ತುಂಬಿ ಬಾಯಿ ಕಟ್ಟಿದ್ದಳು.

“ಪುಡಿ ಮಾಡಬೇಕು ಅಂತ ನೀನೇ ಅಂದಿದ್ದಿ ಅಲ್ಲ, ಬೇಟಿ? ಎಲ್ಲಾ ಒಂದೇ ಪಲ್ಲೆ.”

“ಒಂದೇ ಅಲ್ಲ ಅಮ್ಮಿ! ಯಾವುದು ಯಾವ ಊರಿಂದು ಅಂತ ಈಗ ಹ್ಯಾಂಗ ಹೇಳ್ಲಿ?”

“ಮತ್ತ ಕಿತ್ಕೊಂಡು ಬಾ.”

“ಎಲ್ಲಿಂದ ತರ್ಲಿ? ಅಲ್ಲಿ ಮಳಿ ಹಿಡದದ. ಕಲ್ಲಿಗಿದ್ದ ಪಾಚಿನೆಲ್ಲಾ ಅಲೆ ಕಿತ್ಕೊಂಡು ಹೋಗ್ಯಾವ.”

ಬೇರೆ ದಾರಿಯಿಲ್ಲದೆ ಆ ಗಡಿಗೆಯನ್ನೇ ಪ್ರಯೋಗಾಲಯಕ್ಕೆ ಹೊತ್ತೊಯ್ದೆ. ಯಂತ್ರ ಸುಳ್ಳು ಹೇಳಲಿಲ್ಲ. ವಿಕಿರಣ ಇತ್ತು, ಇರಬಾರದಷ್ಟು ಇತ್ತು.

ಸುದ್ದಿ ತಿಳಿದು, ಸಂಜೆ ಮೂರೂ ಹಳ್ಳಿಗಳ ಮುಖಂಡರಿಂದ ಒಂದರ ಹಿಂದೊಂದು ಫೋನು ಬಂತು. ಮೂವರೂ ಕೇಳಿದ್ದು ಒಂದೇ ಮಾತು:

“ನಮ್ಮೂರಲ್ಲಿ ಅಲ್ಲ, ಅಲ್ವಾ ಮೇಡಂ?”