ಸುಟ್ಟ ಇಳಿಜಾರಿನ ಹೂವು

"ಅಲ್ಲಿ ಹುಡುಕಿದ್ರೆ ಏನೂ ಸಿಗಲ್ಲ, ಏಳಿ ಡಾಕ್ಟರಮ್ಮ. ಮಂಡಿ ಹೋಗತ್ತೆ ಅಷ್ಟೆ," ಎಂದಳು ಝುಲ್ಮೀರಾ.

ಇವೊನಿ ಏಳಲಿಲ್ಲ. ಕಲ್ಲುಗಳ ಸಂದಿಯ ಒಣಹುಲ್ಲಿನಲ್ಲಿ ಆ ನವಿರುರೋಮದ ಗಿಡ ಈ ವರ್ಷವೂ ಮೊಗ್ಗಿಲ್ಲದೆ ನಿಂತಿತ್ತು. ಸಸ್ಯಶಾಸ್ತ್ರ ಕಲಿಸುವ ಅವಳು ಮಿನಾಸ್ ಸೀಮೆಯ ಈ ಬೆಟ್ಟ ಹತ್ತುತ್ತಿರುವುದು ಇದು ನಾಲ್ಕನೇ ವರ್ಷ. ಗಿಡ ಹೊಸದೆಂಬ ಖಾತ್ರಿ ಅವಳಿಗಿತ್ತು. ಹೂವು, ಕಾಯಿ ತೋರಿಸದೆ ಬೇರೆ ಯಾರೂ ಒಪ್ಪುವಂತಿರಲಿಲ್ಲ.

"ಇನ್ನೊಂದು ವಾರ ಇರ್ತೀನಿ."

"ಇದ್ರೂ ಅಷ್ಟೇ." ಝುಲ್ಮೀರಾ ಬೆನ್ನಿನ ಒಣಹೂವಿನ ಹೊರೆ ಇಳಿಸಿದಳು. ಐವತ್ತು ವರ್ಷದಿಂದ ಈ ಬೆಟ್ಟದ ಹೂ ಬಿಡಿಸಿ ಮಾರಿ ಬದುಕಿದವಳು. "ಅದು ಹೂ ಬಿಡೋ ಜಾಗ ನಂಗೊತ್ತು."

"ನಾಲ್ಕು ವರ್ಷದಿಂದ ನಿಮ್ಮ ಕಾಫಿ ಕುಡೀತಿದೀನಿ ಅಕ್ಕ! ಈಗ ಹೇಳ್ತೀರಾ?"

"ಆಚೆ ಬೆಟ್ಟಕ್ಕೂ ನಿಮ್ಮಂಥೋರು ಒಬ್ರು ಬಂದ್ರು. ಹೂವಿಗೆ ಹೆಸರಿಟ್ರು. ಹಿಂದೇನೇ ಅಪರೂಪದ ಹೂ ಅಂತ ಸರ್ಕಾರದ ಕಾವಲಿನೋರು ಬಂದು ಬೇಲಿ ಹಾಕಿದ್ರು. ಅಲ್ಲಿ ಹೂ ಬಿಡಿಸ್ತಿದ್ದ ನನ್ನ ತಂಗಿ ಈಗ ಊರವರ ಬಟ್ಟೆ ಒಗೀತಾಳೆ."

ಇವೊನಿ ಮಂಡಿಯ ಮಣ್ಣು ಕೊಡವಿಕೊಂಡು ಎದ್ದಳು.

"ಮಾರೋ ಹೂ ಚೆನ್ನಾಗಿ ಬರ್ಲಿ ಅಂತ ನಾವು ಹುಲ್ಲು ಸುಟ್ಟ ಕಡೆ ಮಾತ್ರ ಅದು ಹೂ ಬಿಡತ್ತೆ. ಹಾಗಂತ ಬರೀತೀರಾ?"

"ಬೆಟ್ಟ ಸುಡೋದು ಕಾನೂನಿಗೆ ವಿರುದ್ಧ. ಬರೆದಿದ್ದಕ್ಕೆ ನಿಮ್ಮನ್ನೇ ಹಿಡಿದ್ರೆ?"

"ಕದ್ದು ಸುಟ್ರೂ ಹಿಡೀತಾರೆ. ಬರೆದಿದ್ರೆ ಎದುರು ನಿಂತು ಮಾತಾಡಬಹುದು."

"ನಾನೇ ಕಣ್ಣಾರೆ ನೋಡಿದ್ರೆ ಬರೀತೀನಿ."

ಎರಡು ಗಂಟೆ ಹತ್ತಿದರು. ಕರಕಲು ಇಳಿಜಾರಿನ ತುಂಬ ಉಗುರಗಲದ ನೇರಳೆ ಹೂಗಳು. ಇವೊನಿ ಒಂದನ್ನು ಬಿಡಿಸಿ ಕೇಸರ ಎಣಿಸಿದಳು. ಐದು. ಈ ಗಿಡದ ನೆಂಟರಿಗೆಲ್ಲ ಹತ್ತು. ಇನ್ನೊಂದು ಹೂವಿನಲ್ಲಿ ಎಣಿಸಿದಳು, ಅದರಲ್ಲೂ ಐದೇ.

"ಅಳ್ತಿದೀರಾ?"

"ಬೂದಿ ಬಿತ್ತು ಕಣ್ಣಿಗೆ."

"ಹೂಂ, ಆ ಬೂದಿ ನಂಗೂ ಗೊತ್ತು ಬಿಡಿ."

ಕಾಯಿ ಬಲಿಯುವವರೆಗೂ ಇವೊನಿ ಹೂ ಕೊಯ್ಯುವವರ ಕಲ್ಲುಗವಿಯಲ್ಲೇ ಮಲಗಿದಳು. ಅವಳು ಬರೆದ ಲೇಖನವನ್ನು ವಿಜ್ಞಾನ ಪತ್ರಿಕೆಯೊಂದು ಒಪ್ಪಿತು. ಆದರೆ ಸುಟ್ಟ ಕಡೆ ಮಾತ್ರ ಹೂ ಬಿಡುತ್ತದೆ ಎಂಬ ಸಾಲಿಗೆ ಆಧಾರ ಸಾಲದು, ತೆಗೆಯಿರಿ ಎಂದಿತು. ಅವಳು ಲೇಖನವನ್ನೇ ಹಿಂದಕ್ಕೆ ಪಡೆದಳು.

"ಒಂದು ಸಾಲಿಗೆ ಇಷ್ಟು ಹಟವೇ? ಅಷ್ಟರೊಳಗೆ ಇನ್ನೊಬ್ಬರು ಹೆಸರಿಟ್ಟುಬಿಟ್ರೆ?" ಎಂದರು ಜೊತೆಯ ಅಧ್ಯಾಪಕರು. ಆ ಭಯದಲ್ಲಿ ಅವಳಿಗೂ ನಿದ್ದೆ ಬರುತ್ತಿರಲಿಲ್ಲ. ಆದರೂ ಮತ್ತೆರಡು ವರ್ಷ ಬೆಟ್ಟ ಹತ್ತಿ, ಸುಟ್ಟ ಕಡೆ ಎಷ್ಟು ಹೂವು, ಸುಡದ ಕಡೆ ಎಷ್ಟು ಎಂದು ಒಂದೊಂದೇ ಗಿಡ ಎಣಿಸಿದಳು. ಬೇರೆ ಪತ್ರಿಕೆ ಅದನ್ನು ಇದ್ದಂತೆಯೇ ಅಚ್ಚುಹಾಕಿತು.

ಅಚ್ಚಾದ ಹಾಳೆಗಳನ್ನು ಝುಲ್ಮೀರಾ ಕಲ್ಲಿನ ಮೇಲೆ ಹರಡಿಕೊಂಡಳು.

"ಎಲ್ಲಿ ನಮ್ಮ ಸುದ್ದಿ?"

ಇವೊನಿ ತೋರಿಸಿದಳು. ಝುಲ್ಮೀರಾ ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದಳು. ಹಾಳೆಗಳನ್ನು ಮಡಚಿ ರವಿಕೆಯೊಳಗೆ ಸೇರಿಸಿದಳು. ಮೊದಲ ಮಳೆ ಬಿದ್ದು ಎರಡು ದಿನವಾಗಿತ್ತು; ಹುಲ್ಲು ಸುಡಲು ಅದೇ ಹದ. ಎದ್ದು ನಿಂತು ತೋರುಬೆರಳನ್ನು ಎಂಜಲು ಮಾಡಿ, ಈ ಸಲ ಕದ್ದುಮುಚ್ಚಿ ಅಲ್ಲ, ಹಟ್ಟಿಗಳಿಗೆಲ್ಲ ಕಾಣುವ ಬಯಲಿನಲ್ಲೇ, ಗಾಳಿ ಎತ್ತಣಿಂದ ಬೀಸುತ್ತಿದೆಯೆಂದು ನೋಡಲು ಮೇಲೆತ್ತಿ ಹಿಡಿದಳು.