ಹದಿನಾಲ್ಕು ಗುರುತುಗಳು

ಚಳಿಗಾಲಕ್ಕೆ ಮುಂಚೆ ಕ್ಯಾರವಾನು ಎಂಬ ರಜೆಯ ಮನೆಗಾಡಿಯ ನೀರನ್ನೆಲ್ಲ ಬಸಿದುಬಿಡಬೇಕು. ಇಲ್ಲವಾದರೆ ನೀರು ಕಾಯಿಸುವ ಹೀಟರಿನಲ್ಲಿ ಉಳಿದದ್ದು ಹೆಪ್ಪುಗಟ್ಟಿ ಅದರ ತೊಟ್ಟಿಯನ್ನೇ ಸೀಳುತ್ತದೆ. ಬಾರ್ನ್ಸ್‌ಲಿ ಕಡೆಯ ವಿಲ್ಫ್‌ಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೂವತ್ತೊಂದು ವರ್ಷ ತಪ್ಪದೆ ಬಸಿದವನು. ಬಸಿಯಲು ಮರೆತ ನೆರೆಯವರ ಕಾಲನ್ನು ಬೇಸಿಗೆಯುದ್ದಕ್ಕೂ ಎಳೆದು ನಕ್ಕವನು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ವಿಲ್ಫ್ ಮತ್ತು ಅವನ ಹೆಂಡತಿ ಡೊರೀನ್ ರೈತನೊಬ್ಬನ ಅಂಗಳಕ್ಕೆ ಬಂದರು. ಅಲ್ಲಿ ಜಾಗ ಬಾಡಿಗೆಗೆ ಪಡೆದು ನಿಲ್ಲಿಸಿದ್ದ ಅವರ ಗಾಡಿ ಐದು ತಿಂಗಳಲ್ಲಿ ಪಾಚಿಗಟ್ಟಿತ್ತು. ಗುಡ್ ಫ್ರೈಡೇಗೆ ಅದನ್ನು ಕಾರಿಗೆ ಕಟ್ಟಿಕೊಂಡು ಫೈಲಿಯ ಸಮುದ್ರತೀರಕ್ಕೆ ಹೋಗಬೇಕು. ಅದಕ್ಕೂ ಮೊದಲು, ಸೋಮವಾರ, ವಿಲ್ಫ್‌ನ ಮರೆವನ್ನು ಡಾಕ್ಟರಿಗೆ ತೋರಿಸಬೇಕು. ಡಾಕ್ಟರು ಕೇಳಿದರೆ ವಯಸ್ಸಾಯಿತಲ್ಲ, ಅಷ್ಟೇ ಎಂದುಬಿಡಬೇಕೆಂದು ಡೊರೀನ್ ಆಗಲೇ ತೀರ್ಮಾನಿಸಿದ್ದಳು. ನಿಜ ಹೇಳಿದರೆ ಅವನ ಲೈಸೆನ್ಸ್ ಹೋದೀತು. ಅವಳಿಗೋ ಕಾರು ಓಡಿಸಲು ಬಾರದು. ಕ್ಯಾರವಾನೂ ಹೋದರೆ ಈ ಮನುಷ್ಯನಿಗೆ ಉಳಿಯುವುದೇನು ಎಂದು ನೆನೆಯಲೂ ಅವಳಿಗೆ ಹೆದರಿಕೆ.

"ಹೀಟರ್ ಬಸಿದಿದ್ದೀಯಾ?" ಎಂದು ಡೊರೀನ್ ಕೇಳಿದಳು.

"ಬಾಗಿಲ ಮೇಲೆ ಪಟ್ಟಿ ಇದೆಯಲ್ಲ ಮುದುಕಿ, ಕಣ್ಣು ಕಾಣಲ್ವಾ?"

ಬೀರುವಿನ ಬಾಗಿಲ ಒಳಗೆ ಅಂಟಿಸಿದ ಪಟ್ಟಿಯಲ್ಲಿ ಚಳಿಗಾಲಕ್ಕೆ ಮುಂಚೆ ಮಾಡಬೇಕಾದ ಹದಿನಾಲ್ಕು ಕೆಲಸ. ಹದಿನಾಲ್ಕಕ್ಕೂ ಆಯಿತೆಂದು ಅವನದೇ ಪೆನ್ಸಿಲಿನ ಗುರುತು. ಡೊರೀನ್ ನೆಮ್ಮದಿಯಿಂದ ನೀರಿನ ಪಂಪ್ ಹಾಕಿದಳು. ಕೂರುವ ಹಲಗೆಯ ಕೆಳಗಿಂದ ನೀರು ಹರಿದು ಅವಳ ಚಪ್ಪಲಿಗಳು ತೊಯ್ದವು.

ಅವಳು ಪಂಪ್ ಆರಿಸಿ ಟವೆಲ್ಲು ಒತ್ತಿದಳು. ಆಗ ಮಾಡದೆ ಬಿಟ್ಟ ಕೆಲಸಗಳು ಒಂದೊಂದಾಗಿ ಕಣ್ಣಿಗೆ ಬೀಳತೊಡಗಿದವು. ನಿಲ್ಲಿಸಿಡಬೇಕಾದ ದಿಂಬುಗಳು ಮಲಗಿದಲ್ಲೇ ಬೂಷ್ಟು ಹಿಡಿದಿದ್ದವು. ತೆರೆದಿಡಬೇಕಾದ ಫ್ರಿಜ್ಜು ಮುಚ್ಚಿತ್ತು. ತೆರೆದರೆ ಕೊಳೆತ ನಾತ. ಹೊರಗೆ ಹೋಗಿ ನೋಡಿದರೆ, ಚಳಿಗಾಲದಲ್ಲಿ ಸಡಿಲ ಬಿಡಬೇಕಾದ ಬ್ರೇಕು ಬಿಗಿದೇ ಇತ್ತು. ಒಂದು ಕೆಲಸವೂ ಆಗಿರಲಿಲ್ಲ.

"ಪೈಪು ಸಡಿಲ ಆಗಿದೆ ಅಷ್ಟೇ," ಎಂದಳು ಒಳಗೆ ಬಂದು. "ನೀನು ಟೀ ಕುಡಿ. ನಾನು ಒರೆಸ್ತೀನಿ."

ವಿಲ್ಫ್ ಮೊಣಕಾಲೂರಿ ಹಲಗೆ ಎತ್ತಿ ಬಗ್ಗಿ ನೋಡಿದ. ಈ ಒಂದು ವಿಷಯದಲ್ಲಿ ಅವನ ಕಣ್ಣಿಗೆ ಮಣ್ಣೆರಚುವುದು ಸಾಧ್ಯವಿರಲಿಲ್ಲ.

"ಪೈಪಲ್ಲ ಡೊರೀನ್. ತೊಟ್ಟಿ ಸೀಳಿದೆ." ಹಲಗೆಯನ್ನು ಮತ್ತೆ ಮುಚ್ಚಿದ. "ಅವತ್ತು ಅಕ್ಟೋಬರ್‌ನಲ್ಲಿ ಇಲ್ಲೇ ನಿಂತಿದ್ದೆ. ಯಾವುದು ಮಾಡಿದ್ದೀನಿ, ಯಾವುದು ಇಲ್ಲ, ಒಂದೂ ಗೊತ್ತಾಗ್ಲಿಲ್ಲ. ಮೊದಲು ಏನು ಮಾಡ್ಬೇಕು ಅನ್ನೋದೂ ಹೊಳೀಲಿಲ್ಲ. ಖಾಲಿ ಪಟ್ಟಿ ನೋಡಿದ್ರೆ ನೀನು ಹೆದರ್ಕೊತೀಯ ಅಂತ ಎಲ್ಲಕ್ಕೂ ಗುರುತು ಹಾಕ್ಬಿಟ್ಟೆ."

ಅವಳು ಟವೆಲ್ಲು ಕೆಳಗಿಟ್ಟಳು. ಇವನು ಅವಳಿಗಾಗಿ ಸುಳ್ಳು ಗುರುತು ಹಾಕಿದ್ದ. ಸೋಮವಾರ ಅವಳು ಇವನಿಗಾಗಿ ಅದನ್ನೇ ಮಾಡಲು ಹೊರಟಿದ್ದಳು.

"ಆಗ್ಲೇ ಹೇಳ್ಬಾರ್ದಿತ್ತಾ?"

"ಹೇಳ್ಬೇಕು ಅಂತಾನೇ ಮನೆಗೆ ಬಂದೆ. ದಾರೀಲಿ ಅದೂ ಮರ್ತೋಯ್ತು."

ಇಬ್ಬರಿಗೂ ನಗು ಬಂತು, ನಿಲ್ಲಲಿಲ್ಲ. ವಿಲ್ಫ್ ಕಾರಿನ ಕೀಲಿ ತೆಗೆದು ಅವಳ ಒದ್ದೆ ಅಂಗೈಯಲ್ಲಿಟ್ಟ.

"ಇದು ಇನ್ಮೇಲೆ ನನಗೆ ಬೇಡ. ಸೋಮವಾರ ಡಾಕ್ಟರ ಹತ್ರ ನಾನು ಚೆನ್ನಾಗಿದ್ದೀನಿ ಅಂತ್ಲೇ ಹೇಳ್ತೀನಿ. ಇವತ್ತು ನಡೆದದ್ದೆಲ್ಲ ಆಗ ನನಗೆ ನೆನಪಿರಲ್ಲ. ನೀನು ನನ್ನ ಪರ ನಿಲ್ಲಬೇಡ ಕಣೆ. ಇದ್ದದ್ದು ಇದ್ದ ಹಾಗೆ ಹೇಳ್ಬಿಡು."

ಡೊರೀನ್ ತಲೆಯಾಡಿಸಿದಳು. ಆಮೇಲೆ ರಬ್ಬರ್ ಹುಡುಕಿ, ಬೀರುವಿನ ಬಾಗಿಲ ಮುಂದೆ ನಿಂತು, ಹದಿನಾಲ್ಕು ಗುರುತುಗಳನ್ನೂ ಅಳಿಸಿದಳು.