ಲಿಫ್ಟಿನವನ ನಡಿಗೆ

ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಮೇಲೆ ಕೆಳಗೆ ಓಡಾಡಿದವನು ನಾನು. ಜೀವನದಲ್ಲಿ ಮುಂದೆ ಹೋಗಲಿಲ್ಲ ಎಂದು ಯಾರಾದರೂ ನನ್ನನ್ನು ಅಂದರೆ ಅದು ಬೈಗುಳವಲ್ಲ, ನಿಜ. ಎಡಗಾಲು ಮಂಡಿಯ ಕೆಳಗೆ ಇಲ್ಲ. ಹತ್ತನೇ ವಯಸ್ಸಿನಲ್ಲಿ ಲಾರಿಯ ಚಕ್ರಕ್ಕೆ ಸಿಕ್ಕಿತು. ಹದಿನೈದರಿಂದ ಈಚೆಗೆ ಪ್ಲಾಸ್ಟಿಕ್ ಕಾಲು.

ನನ್ನ ಲಿಫ್ಟಿಗೆ ಒಂದು ಚಾಳಿಯಿದೆ. ಮೂರನೇ ಮಹಡಿಯಲ್ಲಿ ನಿಲ್ಲುವ ಮುಂಚೆ ಒಂದು ಸಲ ಕುಲುಕಿ ಬಿಕ್ಕುತ್ತದೆ. ಅಲ್ಲಿ ನಿಲ್ಲದೆ ನಾಲ್ಕಕ್ಕೆ ಹೋಗುವಾಗ ಸದ್ದಿಲ್ಲದೆ ಜಾರುತ್ತದೆ. ಮೂರರಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ವಾರ್ಡು, ನಾಲ್ಕರಲ್ಲಿ ಆಪರೇಷನ್ ಥಿಯೇಟರು. ಸ್ಟ್ರೆಚರಿನ ಮೇಲೆ ಮಲಗಿದವರಿಗೆ ತಮ್ಮನ್ನು ಎಲ್ಲಿಗೆ ಒಯ್ಯುತ್ತಿದ್ದಾರೆಂದು ಎಷ್ಟೋ ಸಲ ಗೊತ್ತಿರುವುದಿಲ್ಲ. ನನಗೆ ಗೊತ್ತಿರುತ್ತಿತ್ತು.

ನಮ್ಮ ಊರಿನಲ್ಲಿ ಕೃತಕ ಕಾಲು ಮಾಡುವವರಿಲ್ಲ. ಕಾಲಿನ ಒಂದು ಬೆಲ್ಟು ಕಿತ್ತುಹೋದರೂ ಇನ್ನೂರು ಕಿಲೋಮೀಟರು ದೂರದ ದೊಡ್ಡ ಊರಿಗೆ ಹೋಗಬೇಕು. ನಮ್ಮ ಆಸ್ಪತ್ರೆಯಲ್ಲೇ ಅಂಥದೊಂದು ಕೋಣೆ ತೆರೆಯೋಣ ಎಂದು ದಾನಿಗಳು ಸಭೆ ಸೇರಿದರು. ಜನರ ಗಮನ ಸೆಳೆಯಲು ಆ ದೊಡ್ಡ ಊರಿನಿಂದ ಇಲ್ಲಿವರೆಗೆ ಯಾರಾದರೂ ನಡೆಯಬೇಕು, ನಡೆದು ಮುಟ್ಟಿದರೆ ಯಂತ್ರಗಳನ್ನು ನಾವು ಕೊಡಿಸುತ್ತೇವೆ ಎಂದರು. ಟೀ ಲೋಟ ಎತ್ತಲು ಹೋಗಿದ್ದ ನಾನು "ನಾನೇ ನಡೀತೀನಿ ಸಾರ್" ಅಂದುಬಿಟ್ಟೆ.

ಸೂಪರಿಂಟೆಂಡೆಂಟರು ನಕ್ಕರು. "ಎರಡನೇ ಮಹಡಿಗೂ ಲಿಫ್ಟಲ್ಲಿ ಹೋಗೋನು ನೀನು!"

ಆ ನಗು ಇಲ್ಲದಿದ್ದರೆ ಮಾತು ವಾಪಸು ತೆಗೆದುಕೊಳ್ಳುತ್ತಿದ್ದೆನೋ ಏನೋ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ. ಅದೂ ಇದ್ದದ್ದೊಂದೇ ಕಾಲು.

ಹೊರಡುವ ದಿನ ಆ ದೊಡ್ಡ ಊರಿನಲ್ಲಿ ಕಾಲು ಮಾಡುವ ಮೇಸ್ತ್ರಿ ನನ್ನ ಮೋಟುಗಾಲನ್ನು ಒತ್ತಿ ಒತ್ತಿ ನೋಡಿದ. "ದಿನ ಏರಿದ ಹಾಗೆ ಇದು ಸಣ್ಣ ಆಗುತ್ತೆ, ಕಾಲು ಸಡಿಲ ಆಗುತ್ತೆ. ಮೋಟಿಗೆ ಒಂದರ ಮೇಲೊಂದು ಸಾಕ್ಸ್ ಹಾಕ್ಕೊಳ್ಳಿ. ನಾಲ್ಕೈದು ಸರಿ. ಅದಕ್ಕಿಂತ ಜಾಸ್ತಿ ಬೇಕು ಅನ್ನಿಸಿದ್ರೆ ನಿಲ್ಲಿಸಿಬಿಡಿ. ಗಾಯ ಮೇಲಕ್ಕೆ ಹತ್ತಿದ್ರೆ ಮಂಡೀನೂ ಕತ್ತರಿಸಬೇಕಾಗುತ್ತೆ. ಮಂಡಿ ಹೋದ್ರೆ ಈಗಿನ ನಡಿಗೆ ಮರೆತುಬಿಡಿ."

ಜೊತೆಗೆ ಹೊರಟವರು ಇಬ್ಬರು. ನನ್ನನ್ನು ಐದು ವರ್ಷ ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟ ಅಕ್ಕ. ಸಭೆ ಸಮಾರಂಭಗಳಿಗೆ ಮೈಕು ಬಾಡಿಗೆ ಕೊಡುವ ಅವಳ ಗಂಡ. ಊರೆಲ್ಲ ಅವರನ್ನು ಮೈಕು ಭಾವ ಅನ್ನುತ್ತದೆ. ಮೈಕು ಇಲ್ಲದಾಗಲೂ ಅವರ ದನಿ ಹಾಗೆಯೇ. ಹಿಂದೆ ಹಿಂದೆ ಬರುವ ವ್ಯಾನು ಅವರದೇ.

ಮೊದಲ ಸಂಜೆ ನಾನು ಅತಿಬುದ್ಧಿವಂತಿಕೆಯ ಕೆಲಸವೊಂದನ್ನು ಮಾಡಿದೆ. ಲಿಫ್ಟು ನಡುವೆ ಸಿಕ್ಕಿಕೊಂಡಾಗ ಒಳಗಿನವರು ಬಾಗಿಲು ತೆಗಿ, ತೆಗಿ ಎಂದು ಅರಚುತ್ತಾರೆ. ಕೇಳಬಾರದು. ತೆಗೆದರೆ ಪ್ರಾಣಕ್ಕೇ ಸಂಚಕಾರ. ಅದನ್ನೇ ವಿವರಿಸಿ ಇಬ್ಬರಿಗೂ ಹೇಳಿದೆ: "ಅರ್ಧ ದಾರೀಲಿ ನಾನು ಸಾಕು ಅಂತೀನಿ. ಅತ್ತೂ ಕರೀತೀನಿ. ನೀವು ಕೇಳಬಾರದು. ಅಕ್ಕ, ನೀನಂತೂ ನನ್ನ ಪರ ಬಾಯಿ ಬಿಡಬೇಡ. ಮಾತು ಕೊಡಿ."

"ಕೊಟ್ಟೆ!" ಎಂದರು ಭಾವ. ಅಕ್ಕ ನನ್ನ ಮುಖ ನೋಡಿ ಹೂಂ ಎಂದು ತಲೆಯಾಡಿಸಿದಳು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವನು ಎಂದು ಯಾರನ್ನಾದರೂ ತೋರಿಸಬೇಕಾದರೆ ನನ್ನನ್ನು ತೋರಿಸಿ.

ಹದಿನಾರು ದಿನದ ದಾರಿ. ಒಂದು ವಾರ ಸುಖವಾಗಿಯೇ ಕಳೆಯಿತು. ಎಂಟನೇ ದಿನ ಮೋಟುಗಾಲಿನ ತುದಿಯಲ್ಲಿ ಚರ್ಮ ಸುಲಿಯಿತು. ಆರು ಸಾಕ್ಸು ಹಾಕಿದೆ. ಅಲ್ಲಿಯವರೆಗೆ ಸಾಕ್ಸು ಒಗೆಯುತ್ತಿದ್ದವಳು ಅಕ್ಕ. ಅವತ್ತಿನಿಂದ ನಾನೇ ಒಗೆಯುತ್ತೇನೆ ಎಂದು ಲಾಡ್ಜಿನ ಬಚ್ಚಲಿನ ಬಾಗಿಲು ಹಾಕಿಕೊಂಡೆ. ನೀರು ಕೆಂಪಗಾಗುವುದು ನಿಲ್ಲುವವರೆಗೆ ತಿಕ್ಕಿದೆ.

ಒಂಬತ್ತನೇ ದಿನ ಭಾವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ. "ಭಾವ, ಸಾಕು. ಆಗಲ್ಲ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಂತು ನೋಡು! ಹೇಳಿದ ಹಾಗೇ ಅಂದ! ಏ, ಒಳಗಿಂದ ಯಾರೋ ಬಾಗಿಲು ಬಡೀತಿದಾರೆ, ನಾನು ಕೇಳಿಸ್ಕೊಳ್ಳಲ್ಲಪ್ಪ."

"ತಮಾಷೆ ಅಲ್ಲ ಭಾವ."

"ಅದನ್ನೂ ಅಂತೀಯ ಅಂತ ಗೊತ್ತಿತ್ತು."

ಕೆಟ್ಟವರಲ್ಲ ಅವರು. ಕೊಟ್ಟ ಮಾತಿಗೆ ತಪ್ಪದ ಮನುಷ್ಯ. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಆ ಸಿಟ್ಟಿನಲ್ಲೇ ಹತ್ತು ಕಿಲೋಮೀಟರು ನಡೆದೆ. ಗಾಯ ತೋರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ತೋರಿಸಿದರೆ ನಿಲ್ಲಿಸಬೇಕಾಗುತ್ತಿತ್ತು. ನಿಲ್ಲಿಸಿದರೆ ಆ ನಗುವಿನ ಎದುರು ಮತ್ತೆ ಸ್ಟೂಲಿನ ಮೇಲೆ ಕೂರಬೇಕಿತ್ತು. ಬಾಯಲ್ಲಿ ಬಿಸಿ ತುಪ್ಪ, ನುಂಗಲಾರೆ, ಉಗುಳಲಾರೆ. ಮುಂದಿನ ಊರುಗಳಲ್ಲಿ ಜನ ಬಿಸಿಲಲ್ಲಿ ಕಾಯುತ್ತಿದ್ದರು. ನಾನು ಕುಂಟಿದಷ್ಟೂ ಚಪ್ಪಾಳೆ ಜೋರಾಗುತ್ತಿತ್ತು. ಎಂಟಡಿ ಅಗಲದ ಲಿಫ್ಟಿನಲ್ಲಿ ಉಸಿರು ಕಟ್ಟದವನಿಗೆ ಆ ಬಟಾಬಯಲಿನ ರಸ್ತೆಯಲ್ಲಿ ಉಸಿರು ಕಟ್ಟಿತು. ಲಿಫ್ಟಿನಲ್ಲಾದರೆ ಒತ್ತಲು ಒಂದು ಗಂಟೆಯಿತ್ತು.

ಹನ್ನೆರಡನೇ ದಿನ ಒಂದು ಸೈಕಲ್ ಅಂಗಡಿಯ ಮುಂದೆ ನೀರು ಕುಡಿಯಲು ನಿಂತೆ. ಪಂಕ್ಚರ್ ಹಾಕುತ್ತಿದ್ದ ಹೆಂಗಸು ತಲೆ ಎತ್ತಿ ನೋಡಿದಳು. ಎಲ್ಲರ ಹಾಗೆ ಮುಖ ನೋಡಲಿಲ್ಲ, ನನ್ನ ಹೆಜ್ಜೆ ನೋಡಿದಳು.

"ಎಷ್ಟು ಸಾಕ್ಸ್ ಹಾಕಿದೀರಿ?" ಎಂದಳು.

ಕಾಲಿಲ್ಲದವರನ್ನು ಬಿಟ್ಟು ಈ ಪ್ರಶ್ನೆ ಇನ್ಯಾರಿಗೂ ಹೊಳೆಯುವುದಿಲ್ಲ. "ನಾಲ್ಕು," ಎಂದೆ.

"ನನ್ನ ಹತ್ರಾನೇ ಸುಳ್ಳಾ?"

"...ಒಂಬತ್ತು."

ಅವಳು ಗ್ರೀಸು ಮೆತ್ತಿದ ಕೈಯಿಂದ ತನ್ನ ತೊಡೆಯ ನಡುವಿಗೆ ತಟ್ಟಿದಳು. ಟಕ್ ಎಂದು ಪ್ಲಾಸ್ಟಿಕ್ಕಿನ ಸದ್ದು ಬಂತು. "ನಂದೂ ಮೊದ್ಲು ಮಂಡಿ ಕೆಳಗಷ್ಟೇ ಹೋಗಿತ್ತು ಅಣ್ಣ. ನಾನೂ ನಾಲ್ಕು ಅಂತಲೇ ಹೇಳ್ತಿದ್ದೆ."

ಅಷ್ಟೇ ಹೇಳಿ ಟ್ಯೂಬು ನೀರಿಗೆ ಅದ್ದಿದಳು. ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ಮಾರನೇ ದಿನ ಒಂದು ಕಾರ್ಖಾನೆಯ ಗೇಟಿನ ಮುಂದೆ ಕೆಲಸಗಾರರೆಲ್ಲ ಹೊರಗೆ ಬಂದು ನಿಂತಿದ್ದರು. ಭಾವ ಮೈಕಿನಲ್ಲಿ ಕೂಗುತ್ತಿದ್ದರು. ಲಿಫ್ಟು ಸಿಕ್ಕಿಕೊಂಡಾಗ ನಾನು ಎಲ್ಲರಿಗೂ ಮೊದಲು ಹೇಳುತ್ತಿದ್ದ ಮಾತು ಒಂದಿತ್ತು: ನೆಲದ ಮೇಲೆ ಕೂತ್ಕೊಳ್ಳಿ. ನಿಂತವನು ಬಾಗಿಲು ಗುದ್ದುತ್ತಾನೆ, ಕೂತವನಿಗೆ ಬುದ್ಧಿ ಬರುತ್ತದೆ. ಸಾವಿರ ಜನಕ್ಕೆ ಹೇಳಿದ್ದೆ, ನನಗೊಬ್ಬನಿಗೆ ಹೇಳಿಕೊಂಡಿರಲಿಲ್ಲ. ರಸ್ತೆಯ ನಡುವೆ ಕೂತುಬಿಟ್ಟೆ.

"ದಣಿದಿದ್ದಾನೆ ನಮ್ಮ ವೀರ! ಒಂದು ಚಪ್ಪಾಳೆ!" ಎಂದರು ಭಾವ. ಆಮೇಲೆ ಮೈಕು ಸರಿಸಿ, "ಏಳೋ, ನೀನೇ ತಾನೇ ಹೇಳಿದ್ದು..."

ನಾನು ಕಾಲು ಬಿಚ್ಚಿ ಪಕ್ಕಕ್ಕಿಟ್ಟೆ. ಸಾಕ್ಸು ಒಂದೊಂದೇ ಎಳೆದೆ. ಐದರವರೆಗೆ ಬೆಳ್ಳಗಿದ್ದವು. ಆರನೆಯದು ಗುಲಾಬಿ. ಒಂಬತ್ತನೆಯದು ಚರ್ಮಕ್ಕೆ ಅಂಟಿಕೊಂಡು ಬರಲಿಲ್ಲ. ಚಪ್ಪಾಳೆ ನಿಂತಿತು. ಭಾವನ ಕೈಯಲ್ಲಿ ಮೈಕು ಸುಮ್ಮನೆ ಕೀರ್ ಎನ್ನುತ್ತಿತ್ತು. ಅವರ ಮುಖ ನೋಡಲು ನನಗಾಗಲಿಲ್ಲ.

ಅಕ್ಕ ವ್ಯಾನಿನಿಂದ ನೀರಿನ ಬಾಟಲಿ, ಬಟ್ಟೆ ಹಿಡಿದು ಓಡಿಬಂದಳು. ಬಂದ ರೀತಿಯಲ್ಲೇ ತಿಳಿಯಿತು, ಅವೆರಡನ್ನೂ ಮಡಿಲಲ್ಲಿ ಇಟ್ಟುಕೊಂಡೇ ಕಾಯುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

"ಎಷ್ಟು ತಿಕ್ಕಿದ್ರೂ ರಕ್ತದ ಕಲೆ ಹೋಗುತ್ತೇನೋ, ದಡ್ಡ."

"ಮತ್ತೆ ಯಾಕೆ ಸುಮ್ನಿದ್ದೆ?"

"ಬಾಯಿ ಬಿಡಬೇಡ ಅಂದೋನು ಯಾರು?" ಎಂದವಳು ಅಲ್ಲೇ ರಸ್ತೆಯಲ್ಲಿ ಕೂತು ಗಟ್ಟಿಯಾಗಿ ಅತ್ತಳು. "ಐದು ದಿನ ನಿನ್ನ ಹಿಂದೆ ವ್ಯಾನಲ್ಲಿ ಕೂತು ನಾನೆಷ್ಟು ಸತ್ತೆ ಗೊತ್ತಾ?"

ಆಸ್ಪತ್ರೆಗೆ ವ್ಯಾನಿನಲ್ಲಿ ಬಂದೆವು. ಬಾಗಿಲಲ್ಲಿ ನನ್ನ ಸ್ವಾಗತದ ಬ್ಯಾನರು ಆಗಲೇ ಕಟ್ಟಿತ್ತು. ಮೂರು ದಿನದ ಮುಂದಿನ ತಾರೀಕು. ಅದರ ಕೆಳಗೇ ನನ್ನ ಸ್ಟ್ರೆಚರು ಹೋಯಿತು. ಯಂತ್ರದ ಮಾತು ಯಾರೂ ಎತ್ತಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.

ಡಾಕ್ಟರು ಮಂಡಿಯನ್ನು ಎರಡು ಸಲ ಒತ್ತಿ ನೋಡಿದರು. ನನಗೇನೂ ಹೇಳದೆ ನರ್ಸಿನ ಕಿವಿಯಲ್ಲಿ ಏನೋ ಅಂದರು. ನನ್ನ ಜಾಗಕ್ಕೆ ಬಂದಿದ್ದ ಬದಲಿ ನೌಕರ ಲಿಫ್ಟಿನ ಬಾಗಿಲು ಹಿಡಿದು ನಿಂತಿದ್ದ. ನರ್ಸು ಅವನಿಗೂ ಮೆಲ್ಲಗೆ ಹೇಳಿದಳು. ಅವನು ನನ್ನ ಕಣ್ಣು ತಪ್ಪಿಸಿ ಗುಂಡಿ ಒತ್ತಿದ. ಅವನ ಬೆನ್ನು ಅಡ್ಡವಿತ್ತು, ಮೂರೋ ನಾಲ್ಕೋ ಕಾಣಲಿಲ್ಲ.

ಬಾಗಿಲು ಮುಚ್ಚಿತು. ಅಕ್ಕ ನನ್ನ ಕೈ ಹಿಡಿದುಕೊಂಡಳು. ಕಣ್ಣು ಮುಚ್ಚಿದೆ. ಮೊದಲನೆಯದು ದಾಟಿತು. ಎರಡು ದಾಟಿತು. ಬಿಕ್ಕು, ನನ್ನಪ್ಪ, ಬಿಕ್ಕು. ಇಪ್ಪತ್ತೆಂಟು ವರ್ಷ ನಿನ್ನ ಜೊತೆ ಕೂತಿದ್ದೇನೆ.

ಲಿಫ್ಟು ಒಂದು ಸಲ ಕುಲುಕಿತು.

"ಅಯ್ಯೋ, ಇದೂ ಕೆಟ್ಟೋಯ್ತಾ?" ಎಂದು ಅಕ್ಕ ಕಿರುಚಿದಳು.

"ಇಲ್ಲಕ್ಕ," ಎಂದೆ. "ಮೂರು ಬಂತು."